ಮನ್ಮಥಪ್ಪನವರ ಮೂರನೆಯ ಅಲಗು

1969ನೆಯ ಇಸವಿ ಮೇ 11, ಭಾನುವಾರ, ನಾಸಿಕ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಕಾಗಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಗೋದಾವರಿಯ ಕಡೆಯಿಂದ ಧೂಳುಗಾಳಿ ಎದ್ದು ಮದುವೆಯ ಹಂದರದ ಒಂದು ಮೂಲೆಯನ್ನು ಕಿತ್ತುಹಾಕಿತು. ನಾಲ್ಕು ಹನಿ ಬಿದ್ದು, ಯಾರ ಅಂಗಿಯನ್ನೂ ನೆನೆಸದೆ ನಿಂತುಹೋಯಿತು.

ಆ ದಿನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಪಂಚವಟಿಯ ಒಂದು ಧರ್ಮಶಾಲೆಯ ಅಂಗಳದಲ್ಲಿ, ನನ್ನ ಸ್ನೇಹಿತರಾದ ಮನ್ಮಥಪ್ಪನವರು ತಮ್ಮ ಅಳಿಯನಿಗೆಂದು ಹನ್ನೊಂದು ತಿಂಗಳು ಯೋಚಿಸಿ ಮಾಡಿದ ಮಡಿಸುವ ಚಾಕು ಮಡಿಸಿಕೊಳ್ಳಲು ಒಪ್ಪಲಿಲ್ಲ. ಅಳಿಯನನ್ನು ಆರಿಸಲು ಅವರಿಗೆ ಹಿಡಿದ ಸಮಯ ಒಂದು ಕಪ್ ಚಹಾ ಆರುವಷ್ಟು. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನ್ಮಥಪ್ಪನವರ ಪರಿಚಯ ಅರ್ಧ ಆದಂತೆಯೇ. ಉಳಿದರ್ಧಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವರು ಬೀದರ ಜಿಲ್ಲೆಯ ಭಾಲ್ಕಿಯ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಔರಂಗಾಬಾದಿನ ಬಟ್ಟೆಗಿರಣಿಯೊಂದರ ರಿಪೇರಿ ಖಾತೆ ಸೇರಿದರು. ಆಗ ಬೀದರವೂ ಔರಂಗಾಬಾದವೂ ಒಂದೇ ಸಂಸ್ಥಾನದಲ್ಲಿದ್ದುದರಿಂದ, ತಾವು ನಾಡು ಬಿಟ್ಟಿದ್ದೇವೆಂಬ ಭಾವನೆ ಅವರಿಗೆ ಬಂದಿರಲಿಲ್ಲ. ಐವತ್ತಾರರಲ್ಲಿ ಬೀದರ ಮೈಸೂರಿಗೂ ಔರಂಗಾಬಾದ ಮುಂಬಯಿಗೂ ಸೇರಿದವು. "ನಾ ಎಲ್ಲೂ ಹೋಗಿಲ್ರಿ ಸಾಹೇಬ್ರ, ಊರುಗಳೇ ಎದ್ದು ಒಂದ್ ಅತ್ತಾಗ, ಒಂದ್ ಇತ್ತಾಗ ಹೋದ್ವು" ಎಂದು ಅವರು ಇಂದಿಗೂ ದೂರುತ್ತಾರೆ. ಮೂರು ವರ್ಷ ಕಾದು, ಊರುಗಳು ಮರಳುವ ಲಕ್ಷಣ ಕಾಣದೆ, ಹೆಂಡತಿ ಪ್ರೇಮಾಬಾಯಿಯವರನ್ನೂ ಮಗಳು ಸಂಗಮ್ಮನನ್ನೂ ಕರೆದುಕೊಂಡು ನಾಸಿಕಕ್ಕೆ ಬಂದರು. ಪಂಚವಟಿಯ ಗಲ್ಲಿಯೊಂದರಲ್ಲಿ ಸಾಣೆ ಹಿಡಿಯುವ ಅಂಗಡಿ ಇಟ್ಟರು.

ದ್ರಾಕ್ಷಿ ತೋಟದವರ ಕತ್ತರಿ, ಕ್ಷೌರಿಕರ ಕತ್ತಿ, ಹೋಟೆಲುಗಳ ಚಾಕು, ಇವುಗಳನ್ನು ಹರಿತ ಮಾಡಿಕೊಡುವುದು ಅವರ ಜೀವನೋಪಾಯ. ಮಡಿಸುವ ಚಾಕು ಮಾಡುವುದು ಹವ್ಯಾಸ. ಮಾಡುವುದು ಎಂದೆ, ಖಚಿತವಾಗಿ ಬರೆಯಬೇಕೆಂದರೆ, ಮಾಡುವ ಬಗ್ಗೆ ಯೋಚಿಸುವುದು. 1961ರಲ್ಲಿ ನಾನು ನೀರಾವರಿ ಕಚೇರಿಯ ಹೆಡ್ ಕ್ಲಾರ್ಕ್ ಆಗಿ ಇಲ್ಲಿಗೆ ವರ್ಗವಾಗಿ ಬಂದಾಗ, ಪೆನ್ಸಿಲು ಕೆತ್ತಲು ಒಂದು ಚಾಕು ಕೇಳಿದ್ದೆ. "ಉಕ್ಕು ಇನ್ನೂ ಗೊತ್ತಾಗಿಲ್ರಿ" ಎಂದರು. ಎಂಟು ವರ್ಷಗಳಾದವು. ನಾನು ಇಂದಿಗೂ ಕ್ಷೌರದ ಬ್ಲೇಡಿನಿಂದಲೇ ಕೆತ್ತುತ್ತಿದ್ದೇನೆ.

ಚಾಕುವಿಗೆ ಹಿಡಿಯನ್ನು ಯಾರು ಬೇಕಾದರೂ ಹಾಕಿಯಾರು, ಉಕ್ಕನ್ನು ಆರಿಸುವವನೇ ಚಾಕು ಮಾಡುವವನು ಎಂಬುದು ಅವರ ಸಿದ್ಧಾಂತ. ಗುಜರಿ ಅಂಗಡಿಗಳಲ್ಲಿ ಅವರನ್ನು ನೋಡಬೇಕು. ಕಬ್ಬಿಣದ ತುಂಡನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿಯುತ್ತಾರೆ. ಮನೆಗೆ ತಂದು ಸಾಣೆಯ ಚಕ್ರಕ್ಕೆ ತಾಗಿಸಿ, ಹಾರುವ ಕಿಡಿಯ ಬಾಲ ಎಷ್ಟು ಉದ್ದ, ತುದಿಯಲ್ಲಿ ಎಷ್ಟು ಹೂವು ಎಂದು ಎಣಿಸುತ್ತಾರೆ. "ಮಂದಿ ಮಗಳ ಜಾತಕ ನೋಡ್ತಾರ, ಇವರು ಲಾರಿ ಜಾತಕ ನೋಡ್ತಾರ" ಎಂದು ಪ್ರೇಮಾಬಾಯಿಯವರು ಒಳಗಿನಿಂದಲೇ ಹೇಳಿದ್ದು ನನಗೆ ಅನೇಕ ಸಲ ಕೇಳಿಸಿದೆ.

1968ರ ಜೂನಿನಲ್ಲಿ ಸಂಗಮ್ಮನಿಗೆ ಔರಂಗಾಬಾದ ಜಿಲ್ಲೆಯ ವೈಜಾಪುರದ ಸಂಬಂಧ ಬಂತು. ಹುಡುಗನ ಹೆಸರು ಗುರುಲಿಂಗಪ್ಪ. ಅವರೂ ಬೀದರದ ಕಡೆಯಿಂದ ಬಂದು ನೆಲೆಸಿದ ಮನೆತನ, ಮಾರುಕಟ್ಟೆಯಲ್ಲಿ ಆಡತಿ ಅಂಗಡಿ. ಜೋಳ, ಶೇಂಗಾ, ಸಜ್ಜೆಯ ಚೀಲಗಳ ಹೊಲಿಗೆ ಬಿಚ್ಚಿ, ಮಾಲು ತೋರಿಸಿ, ಮತ್ತೆ ಹೊಲಿಸುವುದು ಆತನ ದಿನದ ಕೆಲಸ. ಮನ್ಮಥಪ್ಪನವರು ಹುಡುಗನನ್ನು ನೋಡಿದರು, ಚಹಾ ಕುಡಿದರು, ಒಪ್ಪಿದರು. ಚಹಾದ ಕಪ್ಪು ಕೆಳಗಿಡುವಾಗ ಅವರ ತೊಡಕು ಶುರುವಾಯಿತು.

ಗುರುಲಿಂಗಪ್ಪನ ಮನೆಯ ಪದ್ಧತಿ ಹೀಗಿತ್ತು: ಅರಿಶಿನ ಹಚ್ಚಿದ ಗಳಿಗೆಯಿಂದ ಮದುಮಗ ಒಂದು ಕಟಾರಿಯನ್ನು ಕೈಯಲ್ಲಿ ಹಿಡಿಯಬೇಕು. ದೃಷ್ಟಿ ತಾಗದಂತೆ ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಉಣ್ಣುವಾಗ, ಮಲಗುವಾಗ ಸಹ ಅದು ಮೈಗೆ ತಾಗಿಕೊಂಡೇ ಇರಬೇಕು. ಮದುವೆಯಾಗಿ ಸೊಸೆಯನ್ನು ಕರೆದುಕೊಂಡು ಹೋದಾಗ, ಮನೆಯ ಹೊಸ್ತಿಲಲ್ಲಿ ಆ ನಿಂಬೆಹಣ್ಣನ್ನು ಕೊಯ್ದು ಎಡಕ್ಕೂ ಬಲಕ್ಕೂ ಚೆಲ್ಲಿ, ಕಟಾರಿಯನ್ನು ಒರೆಗೆ ಸೇರಿಸಿ, ಆಮೇಲೆ ಒಳಗೆ ಕಾಲಿಡಬೇಕು. ಹುಡುಗನ ತಾಯಿ ಚನ್ನಮ್ಮನವರು ಇದನ್ನು ಹೇಳಿ, "ಕಟಾರಿ ನಮ್ಮಲ್ಲೇ ಅದರಿ, ನಮ್ಮ ಮಾವನೋರದು" ಎಂದರು.

"ಕಟಾರಿ ಮದುವಿ ಆದ ಮರುದಿನ ಟ್ರಂಕಿಗೆ ಹೋಗ್ತದರಿ, ಬೀಗತೇರ" ಎಂದರು ಮನ್ಮಥಪ್ಪನವರು. "ನಾ ಒಂದ್ ಮಡಚೂ ಚಾಕು ಮಾಡಿ ಕೊಡ್ತೀನಿ. ಅದು ಅಳಿಯನ ಕಿಸೆಯಾಗ ಸಾಯೂತನಕ ಇರ್ತದ."

"ಮದುವಿ ಮಾತಿನಾಗ ಸಾಯೂದು ಯಾಕ್ರೀ?" ಎಂದರು ಪ್ರೇಮಾಬಾಯಿ.

ಆದರೆ ಚನ್ನಮ್ಮನವರು ಒಪ್ಪಿಕೊಂಡರು. ತನ್ನ ಕೈಯಾರೆ ಮಾಡಿದ ಒಂದು ಚಾಕು ಒಬ್ಬ ಮನುಷ್ಯನ ಕಿಸೆಯಲ್ಲಿ ಪ್ರತಿದಿನ ಇರಬೇಕೆಂಬ ಆಸೆ ಮನ್ಮಥಪ್ಪನವರಿಗೆ ಗಿರಣಿಯ ಕಾಲದಿಂದಲೂ ಇತ್ತು. ಆ ಮನುಷ್ಯ ಈಗ ಸಿಕ್ಕಿದ್ದ.

ಐದು ಬಗೆಯ ಉಕ್ಕಿನಿಂದ ಐದು ಅಲಗುಗಳನ್ನು ಒಂದೇ ಅಚ್ಚಿಗೆ ಕತ್ತರಿಸಿ, ಒಂದೇ ಹಿಡಿಗೆ ಹೊಂದುವಂತೆ ಮಾಡಿದರು. ಹಿಡಿ ಬೀಟೆಯದು, ಒಳಗೆ ಹಿತ್ತಾಳೆಯ ತಗಡು. ಕೊಂಬು, ಎಲುಬು ಅವರು ಮುಟ್ಟುವುದಿಲ್ಲ. ಒಂದನೆಯ ಅಲಗು ಲಾರಿಯ ಸ್ಪ್ರಿಂಗಿನ ಪಾಟಾದಿಂದ, ಎರಡನೆಯದು ಸವೆದ ಅರದಿಂದ, ಮೂರನೆಯದು ದೊಡ್ಡ ಬೇರಿಂಗಿನ ಬಳೆಯನ್ನು ಕಾಸಿ ನೆಟ್ಟಗೆ ಮಾಡಿದ್ದು, ನಾಲ್ಕನೆಯದು ಯಂತ್ರದ ಗರಗಸದಿಂದ, ಐದನೆಯದು ಮುಂಬಯಿಯಿಂದ ತರಿಸಿದ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಯಿಂದ. ಪರೀಕ್ಷೆಯ ಫಲಿತಾಂಶಗಳನ್ನು ಬರೆದಿಡುವ ಕೆಲಸ ನನ್ನದಾಯಿತು. ಕಚೇರಿಯ ಹಳೆಯ ರಿಜಿಸ್ಟರೊಂದರಲ್ಲಿ ನಾನೇ ಗೆರೆ ಎಳೆದು ಒಂಬತ್ತು ಅಂಕಣ ಮಾಡಿದೆ. ಸುತಳಿ, ಚರ್ಮ, ಬಿದಿರು, ಕಾಗದ, ಮುಂಗೈಯ ಕೂದಲು, ಕಲ್ಲುನೆಲದ ಮೇಲೆ ಬೀಳಿಸಿದರೆ ತುದಿ ಏನಾಗುತ್ತದೆ, ಹೀಗೆ. ಆರು ಭಾನುವಾರ ಮನ್ಮಥಪ್ಪನವರು ಸುತಳಿ ಕೊಯ್ದರು, ನಾನು ಎಣಿಸಿದೆ. ಧಾರೆ ಮೊಂಡಾಗುವವರೆಗೆ ಒಂದನೆಯದು ಎಂಬತ್ತನಾಲ್ಕು ಸಲ ಕೊಯ್ದಿತು, ಐದನೆಯದು ತೊಂಬತ್ತಾರು, ಎರಡನೆಯದು ನೂರಾ ಅರವತ್ತೊಂದು. ನಾಲ್ಕನೆಯದು ಎಲ್ಲಕ್ಕಿಂತ ಮುಂದಿತ್ತು. ನೆಲಕ್ಕೆ ಬೀಳಿಸಿದಾಗ ಅದರ ತುದಿ ಹಾರಿಹೋಯಿತು. ಬೇರಿಂಗಿನ ಮೂರನೆಯ ಅಲಗು ಇನ್ನೂರಾ ಹನ್ನೆರಡು ಸಲ ಕೊಯ್ದು, ಬಿದ್ದರೂ ಸುಮ್ಮನೆ ಎದ್ದಿತು.

ಎದುರು ಸಾಲಿನಲ್ಲಿ ಸದಾನಂದರ ಹೋಟೆಲು. ಕುಂದಾಪುರದ ಕಡೆಯವರು, ದಿನಕ್ಕೆ ನೂರು ನಿಂಬೆಹಣ್ಣು ಕೊಯ್ಯಿಸುವವರು. ಆರನೆಯ ಭಾನುವಾರ ಬಾಗಿಲಲ್ಲಿ ನಿಂತು ನೋಡಿದರು.

"ಎಂತದು ಮಾರಾಯ್ರೆ, ಸುತಳಿ ಕೊಯ್ದದ್ದೇ ಕೊಯ್ದದ್ದು. ಒಂದು ಲಿಂಬೆಹುಳಿ ಕೊಯ್ದು ನೋಡಿದ್ದೀರಾ?"

"ಇದು ಹೋಟೆಲ್ ಚಾಕು ಅಲ್ರಿ, ಸದಾನಂದರ."

"ಅಲ್ಲ, ನನಗೆಂತ. ನೀವು ಹರಿತ ಮಾಡಿ ಕೊಟ್ಟ ಚಾಕೇ ಸಂಜೆಗೆ ಕಾಡಿಗೆಯ ಹಾಗೆ ಕಪ್ಪಾಗ್ತದೆ, ಅದಕ್ಕೆ ಹೇಳಿದ್ದು. ನಾನು ಈಗ ಸ್ಟೀಲಿನದ್ದೇ ಇಟ್ಟದ್ದು."

"ಸ್ಟೀಲು ಧಾರಿ ಹಿಡಿಯೂದಿಲ್ರಿ, ಬರೇ ಹೊಳಪು ಹಿಡೀತದ" ಎಂದು ಮನ್ಮಥಪ್ಪನವರು ಮಾತು ಮುಗಿಸಿದರು. ನನ್ನ ಒಂಬತ್ತು ಅಂಕಣಗಳಲ್ಲಿ ನಿಂಬೆಹಣ್ಣಿನದು ಇರಲಿಲ್ಲ ಎಂಬುದು ಆಗ ನನಗೂ ಹೊಳೆಯಲಿಲ್ಲ. ಮೂರು ದಿನ ನಿಂಬೆಹಣ್ಣನ್ನು ಹೊತ್ತು ನಿಲ್ಲುವುದೇ ಮೊದಲ ಕೆಲಸವಾಗಿದ್ದ ಚಾಕುವನ್ನು ನಾವಿಬ್ಬರೂ ಕೂಡಿ ನಿಂಬೆಹಣ್ಣೊಂದನ್ನು ಬಿಟ್ಟು ಉಳಿದೆಲ್ಲದರ ಮೇಲೆ ಪರೀಕ್ಷಿಸಿದ್ದೆವು.

ಮೂರನೆಯ ಅಲಗೇ ಗೆದ್ದಿತು. ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಗೋಧಿಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಕಾಸಿ ಹದಕ್ಕೆ ತಂದು, ಕನ್ನಡಿಯಂತೆ ಉಜ್ಜಿದರು. ಕೀಲನ್ನು ಎಷ್ಟು ಬಿಗಿಯಾಗಿ ಕೂಡಿಸಿದ್ದರೆಂದರೆ ಒಂದು ಕೂದಲೂ ಒಳಗೆ ಹೋಗುತ್ತಿರಲಿಲ್ಲ. ಇದನ್ನು ಅವರು ಸಂಗಮ್ಮನ ಕೂದಲಿನಿಂದಲೇ ತೋರಿಸಿದರು. "ಜರಾ ಎಣ್ಣಿ ಹಚ್ಚಿ ಕೊಡ್ರಿ ಅಪ್ಪಾ" ಎಂದಳು ಆಕೆ. ಹಚ್ಚಿಯೇ ಕೊಟ್ಟರು. ಆದರೆ ಮದುವೆಯ ಹಿಂದಿನ ಶುಕ್ರವಾರ ವೈಜಾಪುರದಲ್ಲಿ, ಚಾಕುವನ್ನು ಸೀಗೆಪುಡಿಯಿಂದ ತೊಳೆದು, ಅರಿಶಿನ ಮೆತ್ತಿ, ವಿಭೂತಿ ಎಳೆದು ಮದುಮಗನ ಕೈಗೆ ಕೊಟ್ಟರು. ಅದು ಅಲ್ಲಿಯ ಕ್ರಮ. ಎಣ್ಣೆ ಅಲ್ಲಿಗೇ ಹೋಯಿತು. ಶನಿವಾರ, ಸುತ್ತ ಬಿಂದಿಗೆಗಳನ್ನಿಟ್ಟು ನೂಲು ಸುತ್ತಿ ಮಾಡಿಸುವ ಸುರಗಿಯ ಸ್ನಾನದಲ್ಲಿ ಮದುಮಗನ ಜೊತೆ ಚಾಕುವಿಗೂ ಐದು ಬಿಂದಿಗೆ ನೀರು ಬಿತ್ತು.

ಭಾನುವಾರ ಬೆಳಿಗ್ಗೆ ದಿಬ್ಬಣ ಬಂದಿಳಿದಾಗ ನಾನು ಮೊದಲು ನೋಡಿದ್ದು ಮದುಮಗನ ಅಂಗಿಯ ತೋಳನ್ನು. ಬಿಳಿಯ ರೇಷ್ಮೆಯ ಮೇಲೆ ಮಣಿಕಟ್ಟಿನಿಂದ ಮೊಳಕೈವರೆಗೆ ಶಾಯಿ ಚೆಲ್ಲಿದಂಥ ಗೆರೆ. ಆಮೇಲೆ ಚಾಕುವನ್ನು ನೋಡಿದೆ. ನಿಂಬೆಹಣ್ಣು ಚುಚ್ಚಿದ ತುದಿಯಿಂದ ಹಿಡಿಯವರೆಗೆ ಅದು ಹಳೆಯ ರೊಟ್ಟಿ ಹಂಚಿನಂತೆ ಕಪ್ಪಾಗಿತ್ತು. ಮನ್ಮಥಪ್ಪನವರೂ ನೋಡಿದರು. ಬೀಗರ ಕಾಲಿಗೆ ನೀರು ಕೊಡುತ್ತಿದ್ದ ಅವರು ಅದೇ ಚೊಂಬಿನ ನೀರನ್ನು ತಾವೇ ಕುಡಿದರು.

ಅಕ್ಷತೆ ಬಿತ್ತು. ಊಟಕ್ಕೆ ಮೊದಲು ಬಾಡಿದ ನಿಂಬೆಹಣ್ಣನ್ನು ಬದಲಾಯಿಸಲು ಚನ್ನಮ್ಮನವರು ಬಂದರು. ಹಣ್ಣು ತೆಗೆದು, ಸುತ್ತಲಿನ ಹೆಂಗಸರಿಗೆ ತೋರಿಸಲೆಂದು, "ಇದು ಮಡಚತದ ನೋಡ್ರಿ, ನಮ್ಮ ಬೀಗರು ಮಾಡಿದ್ದು" ಎಂದು ಮಗನಿಗೆ ಕಣ್ಸನ್ನೆ ಮಾಡಿದರು. ಗುರುಲಿಂಗಪ್ಪ ಒತ್ತಿದ. ಅಂಗೈ ಹಚ್ಚಿ ಒತ್ತಿದ. ಅರಿಶಿನವೂ ತುಕ್ಕೂ ಕೂಡಿ, ಕೂದಲು ಹೋಗದ ಆ ಕೀಲಿನಲ್ಲಿ ಗಾರೆಯಂತೆ ಗಟ್ಟಿಯಾಗಿದ್ದವು. ಸಮಯ ಹನ್ನೆರಡು ಇಪ್ಪತ್ತು.

ಹುಡುಗನ ಸೋದರಮಾವ ಕಿಸೆಯಿಂದ ಒಂದು ಚಾಕು ತೆಗೆದರು. ಮುಂಬಯಿಯದು, ಸ್ಟೀಲಿನದು, ಹಂದರದ ಬೆಳಕೆಲ್ಲ ಅದರಲ್ಲೇ ಇದ್ದಂತೆ ಹೊಳೆಯುತ್ತಿತ್ತು. "ಇದನ್ನ ಹಿಡ್ಕೋ" ಎಂದರು. "ಟಕ್ ಅಂತ ಮಡಚತದ."

ಚನ್ನಮ್ಮನವರು ಒಳ್ಳೆಯವರು. ಬೀಗರನ್ನು ಪಕ್ಕಕ್ಕೆ ಕರೆದೇ ಹೇಳಿದರು: "ಅಣ್ಣಾರ, ಕಪ್ಪಾಗಿದ್ದಕ್ಕ ನಂದೇನೂ ತಕರಾರಿಲ್ಲ. ನನ್ನ ಮಗನೂ ಕಪ್ಪೇ ಅದಾನ. ಆದ್ರ ಬರೀ ಅಲಗು ಹಿಡ್ಕೊಂಡು ಸೊಸೀನ್ನ ಹೊಸ್ತಿಲ ದಾಟಿಸಂಗಿಲ್ಲ. ಬಸ್ಸು ನಾಕೂವರಿಗೆ. ಅಷ್ಟರಾಗ ಮಡಚಿದ್ರ ನಿಮ್ಮದು ಬರ್ತದ, ಇಲ್ಲಂದ್ರ ನಮ್ಮ ಅಣ್ಣಂದು."

ಮನ್ಮಥಪ್ಪನವರು ನನ್ನ ಹತ್ತಿರ ಬಂದು, "ತಪ್ಪು ನಂದರಿ ಸಾಹೇಬ್ರ" ಎಂದರು. ಹತ್ತು ವರ್ಷಗಳ ಸ್ನೇಹಕ್ಕೆ ಎರಡೇ ವರ್ಷ ಕಡಮೆ. ಈ ವಾಕ್ಯವನ್ನು ಅವರ ಬಾಯಿಂದ ನಾನು ಮೊದಲ ಸಲ ಕೇಳಿದ್ದು.

ಅಂಗಡಿಗೆ ಒಯ್ದರೆ ಒಂದು ಗಂಟೆಯ ಕೆಲಸ. ಆದರೆ ಚಾಕು ಮದುಮಗನ ಕೈ ಬಿಡುವಂತಿಲ್ಲ. ಹಾಗೂ ಹೆಣ್ಣಿನ ತಂದೆಯೂ ಮದುಮಗನೂ ಒಟ್ಟಿಗೆ ಹಂದರದಿಂದ ಮಾಯವಾಗುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಆಗಲೇ ಮೇಲೆ ಹೇಳಿದ ಧೂಳುಗಾಳಿ ಬಂತು. ಹಂದರದ ಮೂಲೆ ಹಾರಿತು, ಎಲ್ಲರೂ ಅಡಿಗೆಯ ಪಾತ್ರೆಗಳನ್ನು ಮುಚ್ಚಲು ಓಡಿದರು. ನಾನು ಟಾಂಗಾ ನಿಲ್ಲಿಸಿ ಮಾವ ಅಳಿಯ ಇಬ್ಬರನ್ನೂ ಹತ್ತಿಸಿದೆ.

ಹೀಗೆ ಎರಡು ಗಂಟೆ ಹದಿನೈದು ನಿಮಿಷಕ್ಕೆ, ಬಾಸಿಂಗ ಕಟ್ಟಿಕೊಂಡ ಮದುಮಗನೊಬ್ಬ ಸಾಣೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಕೈಯಲ್ಲಿದ್ದ ಚಾಕುವನ್ನು ಸೀಮೆಎಣ್ಣೆಯ ಬಟ್ಟಲಿನಲ್ಲಿ ಮುಳುಗಿಸಿಕೊಂಡಿದ್ದ ದೃಶ್ಯವನ್ನು ಗಲ್ಲಿಯವರೆಲ್ಲ ನೋಡಿದರು. ಸದಾನಂದರು ತಾವೇ ಚಹಾ ತಂದರು. ಚಾಕು ನೋಡಿದರು. ಚಹಾದ ತಟ್ಟೆಯಲ್ಲಿ ಒಂದು ನಿಂಬೆಹಣ್ಣಿನ ಹೋಳು ಇತ್ತು, ಅಷ್ಟೇ.

"ಇದು ಯಾಕ್ರೀ?" ಎಂದರು ಮನ್ಮಥಪ್ಪನವರು.

"ಸುಮ್ಮನೆ ಮಾರಾಯ್ರೆ. ಬಿಸಿಲು ಅಲ್ವಾ."

ಸೀಮೆಎಣ್ಣೆಗೆ ಕೀಲು ಸಡಿಲಲಿಲ್ಲ. ಕೊನೆಗೆ ಕೀಲಿನ ಮೊಳೆಯ ತಲೆಯನ್ನು ಅರದಿಂದ ಉಜ್ಜಿ ಹಾರಿಸಿ, ಮೊಳೆಯನ್ನು ಹೊರಕ್ಕೆ ಬಡಿಯಬೇಕಾಯಿತು. "ಬೆರಳು ಸಂಭಾಳಿಸ್ರಿ" ಎಂದು ಮಾವ ಸುತ್ತಿಗೆ ಎತ್ತಿದರು. ಅಳಿಯ ಕಣ್ಣು ಮುಚ್ಚಿದ. ಮೊಳೆ ಜಿಗಿಯಿತು, ಮದುಮಗನ ಎಡಗೈಯಲ್ಲಿ ಹಿಡಿ ಉಳಿಯಿತು, ಬಲಗೈಯಲ್ಲಿ ಅಲಗು. ಎರಡರಲ್ಲಿ ಯಾವುದು ಕೈ ಬಿಟ್ಟರೆ ಚಾಕು ಕೈ ಬಿಟ್ಟಂತೆ ಎಂದು ಆತ ನನ್ನನ್ನು ಕೇಳಿದ. ಎರಡನ್ನೂ ಬಿಡಬೇಡಿ ಎಂದೆ.

ಆಗ ಮನ್ಮಥಪ್ಪನವರು ಡ್ರಾಯರು ಎಳೆದು ಐದನೆಯ ಅಲಗನ್ನು ತೆಗೆದರು. ಅದೇ ಅಚ್ಚು, ಅದೇ ತೂತು, ಅದೇ ಹಿಡಿಗೆ ಕೂಡುವಂಥದು. ಹನ್ನೊಂದು ತಿಂಗಳು ಹೀಯಾಳಿಸಿದ್ದ ಆ ಸ್ಟೀಲನ್ನು ಅವರು ಅಂಗಿಯ ಚುಂಗಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಹರಿತದ ವಸ್ತುವನ್ನು ಅವರು ಕೈಗೆ ಕೊಡುವುದಿಲ್ಲ.

"ಇದು ಕಪ್ಪಾಗೂದಿಲ್ಲ. ಹೊಸ್ತಿಲಾಗ ಹೊಳೀತದ. ಇದನ್ನ ಹಾಕ್ಲೇನು?"

ಗುರುಲಿಂಗಪ್ಪ ಮೇಜಿನ ಮೇಲಿದ್ದ ನನ್ನ ರಿಜಿಸ್ಟರನ್ನು ಮೊಳಕೈಯಿಂದ ತನ್ನ ಕಡೆಗೆ ಎಳೆದುಕೊಂಡು, ಸುತಳಿಯ ಅಂಕಣದಲ್ಲಿ ಮೇಲಿನಿಂದ ಕೆಳಗೆ ನೋಡಿದ. "ಇನ್ನೂರಾ ಹನ್ನೆರಡು ಸಲ?" ಎಂದ. "ಸೀಸನ್ನಿನಾಗ ನಾ ದಿನಕ್ಕ ಮುನ್ನೂರು ಚೀಲ ಬಿಚ್ಚತೀನ್ರಿ, ಮಾವಾರ. ಈ ಸ್ಟೀಲಿಂದು ಆದ್ರ ದಿನದಾಗ ಮೂರು ಸಲ ಕಲ್ಲಿಗೆ ಹಚ್ಚಬೇಕಾಗ್ತದ. ನೀವು ನನಗ ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ಲ?"

ನಾನು ಮನ್ಮಥಪ್ಪನವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಕಿಡಿಯನ್ನು ಕೇಳಿದ್ದೆವು, ಚರ್ಮವನ್ನು, ಬಿದಿರನ್ನು, ಮುಂಗೈಯ ಕೂದಲನ್ನು ಕೇಳಿದ್ದೆವು. ವೈಜಾಪುರಕ್ಕೆ ಒಂದು ಕಾರ್ಡು ಬರೆಯುವುದು ಇಬ್ಬರಿಗೂ ತೋಚಿರಲಿಲ್ಲ.

"ಹಂಗಾದ್ರ ಯಾವುದು?" ಎಂದರು ಮಾವ, ಸಣ್ಣ ದನಿಯಲ್ಲಿ.

ಅಳಿಯ ಕಪ್ಪಾದ ಅಲಗನ್ನು ಎತ್ತಿ ಹಿಡಿದ. "ಇದ ಇರಲಿ ಬಿಡ್ರಿ. ನಿಂಬಿಹಣ್ಣು ಚುಚ್ಚಗೊಂಡು ಕೂಡೂದು ಒಂದ ಸಲ. ಚೀಲ ಬಿಚ್ಚೂದು ದಿನಾ."

ಮನ್ಮಥಪ್ಪನವರು ಐದನೆಯ ಅಲಗನ್ನು ಮತ್ತೆ ಡ್ರಾಯರಿಗೆ ಹಾಕಿದರು. ಆಮೇಲೆ ಬಹಳ ಚುರುಕಾದರು. ಕೀಲಿನ ಒಳಗನ್ನು ಪಾಲಿಶ್ ಕಾಗದದಿಂದ ಉಜ್ಜಿದರು, ಕೂದಲಲ್ಲ, ದಾರವೂ ಹೋಗುವಷ್ಟು ಸಡಿಲ ಬಿಟ್ಟರು, ಹಿತ್ತಾಳೆಯ ಹೊಸ ಮೊಳೆ ಹಾಕಿ ಬಡಿದರು, ಕೊಬ್ಬರಿ ಎಣ್ಣೆ ಬಿಟ್ಟರು. ಅಲಗಿನ ಕಪ್ಪನ್ನು ಮಾತ್ರ ಉಜ್ಜಲು ಹೋಗಲಿಲ್ಲ. ಮೂರು ಐವತ್ತಕ್ಕೆ ಚಾಕು ಮಡಿಸಿಕೊಂಡಿತು. ಟಕ್ ಎಂಬ ಸದ್ದು ಬಂತೆಂದು ಅವರು ಹೇಳುತ್ತಾರೆ. ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಲಿಲ್ಲ.

ಹಂದರದಲ್ಲಿ ಚನ್ನಮ್ಮನವರು, ಚಾಕು ಮಗನ ಕೈಯಲ್ಲಿದ್ದಂತೆಯೇ, ತಾವೇ ಒಮ್ಮೆ ಮಡಿಸಿ, ಒಮ್ಮೆ ಬಿಚ್ಚಿ, ಹೊಸ ನಿಂಬೆಹಣ್ಣು ಚುಚ್ಚಿದರು. "ಮದುಮಗ ಎಲ್ಲಿಗೆ ಹೋಗಿದ್ದ?" ಎಂದು ಯಾರೋ ಕೇಳಿದಾಗ ಪ್ರೇಮಾಬಾಯಿಯವರು, "ಮಾವನ ಅಂಗಡ್ಯಾಗ ಕೆಲಸಕ್ಕ ಕುಂತಿದ್ದ. ಮೊದಲನೇ ದಿನ, ಪಗಾರ ಇಲ್ಲ" ಎಂದರು. ಸಂಗಮ್ಮ ಅಳುವ ಹೊತ್ತಿನಲ್ಲಿ ನಕ್ಕದ್ದು ಅದಕ್ಕೇ ಇರಬೇಕು. ಬಸ್ಸು ನಾಲ್ಕು ಮೂವತ್ತೈದಕ್ಕೆ ಹೊರಟಿತು. ಹಿಂದಿನ ಕಿಟಕಿಯಲ್ಲಿ ಒಂದು ನಿಂಬೆಹಣ್ಣು ಗಲ್ಲಿಯ ತಿರುವಿನವರೆಗೂ ಕಾಣುತ್ತಿತ್ತು. ಮನ್ಮಥಪ್ಪನವರು ಕೈ ಎತ್ತಿದ್ದು ಮಗಳಿಗೋ ಚಾಕುವಿಗೋ ನಾನು ಕೇಳಲಿಲ್ಲ.

ಆಗಸ್ಟಿನಲ್ಲಿ ಕಚೇರಿಯ ಕೆಲಸದ ಮೇಲೆ ವೈಜಾಪುರಕ್ಕೆ ಹೋದಾಗ ಆಡತಿ ಅಂಗಡಿಯಲ್ಲಿ ಹತ್ತು ನಿಮಿಷ ಕುಳಿತಿದ್ದೆ. ಗುರುಲಿಂಗಪ್ಪ ಕಿಸೆಯಿಂದ ಚಾಕು ತೆಗೆದು ಸಜ್ಜೆಯ ಚೀಲವೊಂದರ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿದ. ಅಲಗು ಈಗ ಪೂರ್ತಿ ಕಪ್ಪು, ಧಾರೆಯ ಅಂಚು ಮಾತ್ರ ಬಿಳಿಯ ದಾರದಂತೆ. ಸಂಗಮ್ಮ ಒಳಗಿನಿಂದ ಶರಬತ್ತು ಕಳಿಸಿದಳು. ಸೋದರಮಾವನ ಮುಂಬಯಿ ಚಾಕು ಆಕೆಯ ಅಡಿಗೆಮನೆಯಲ್ಲಿದೆ, ನಿಂಬೆಹಣ್ಣಿಗೆ ಬಹಳ ಒಳ್ಳೆಯದೆಂದು ತಿಳಿಯಿತು. ಈ ಎರಡನೆಯ ಸುದ್ದಿಯನ್ನು ನಾನು ನಾಸಿಕದಲ್ಲಿ ಹೇಳಿಲ್ಲ.

ರಿಜಿಸ್ಟರಿಗೆ ನಿಂಬೆಹಣ್ಣಿನದೆಂದು ಹತ್ತನೆಯ ಅಂಕಣ ಎಳೆದುಕೊಟ್ಟಿದ್ದೇನೆ. ನನ್ನ ಪೆನ್ಸಿಲಿನ ಚಾಕುವಿನ ವಿಷಯ ಮತ್ತೆ ಎತ್ತಿದಾಗ, "ಪೆನ್ಸಿಲು ಯಾವ ಕಂಪನೀದರಿ, ದಿನಕ್ಕ ಎಷ್ಟು ಸಲ ಕೆತ್ತತೀರಿ?" ಎಂದು ಮನ್ಮಥಪ್ಪನವರು ಮೊಟ್ಟಮೊದಲ ಬಾರಿಗೆ ನನ್ನನ್ನು ಕೇಳಿದರು. ಉಕ್ಕು ಇನ್ನೂ ಗೊತ್ತಾಗಿಲ್ಲ.

ಮೇ ಹನ್ನೊಂದರ ಖರ್ಚು, ದಿನಚರಿಯಲ್ಲಿರುವಂತೆ: ಮದುವೆಯ ಮುಯ್ಯಿ ಹನ್ನೊಂದು ರೂಪಾಯಿ. ಟಾಂಗಾ, ಹೋಗಿಬರಲು, ಒಂದೂವರೆ ರೂಪಾಯಿ. ಸೀಮೆಎಣ್ಣೆ ಮೂವತ್ತು ಪೈಸೆ. ಪಾಲಿಶ್ ಕಾಗದ ಎರಡು ಹಾಳೆ, ನಲವತ್ತು ಪೈಸೆ. ನಿಂಬೆಹಣ್ಣು ಮೂರು, ಹದಿನೈದು ಪೈಸೆ. ಚಹಾಕ್ಕೆ ಸದಾನಂದರು ತೆಗೆದುಕೊಳ್ಳಲಿಲ್ಲ. ಒಟ್ಟು ಹದಿಮೂರು ರೂಪಾಯಿ ಮೂವತ್ತೈದು ಪೈಸೆ.